ಹೆಂಡತಿ ಕೂತಾಗ ಮಾತ್ರ ಬರುವ ಸದ್ದು

ಸಂಸಾರಸ್ಥನಾದವನು ಬಾಯಿತಪ್ಪಿಯೂ ಆಡಬಾರದ ಮಾತುಗಳು ಕೆಲವಿವೆ. "ನೀ ಕುಂತರ ಮಾತ್ರ ಕಾರು ಸಪ್ಪಳ ಮಾಡತೈತಿ" ಎನ್ನುವುದು ಅವುಗಳಲ್ಲಿ ಮೊದಲ ಸಾಲಿಗೆ ಸೇರಿದ್ದು. ನಾನು ಇದನ್ನು ಆಡಿದ್ದೇನೆ. ಆಡಿದ ಮೇಲೂ ಎರಡು ಹೊತ್ತು ಮನೆಯಲ್ಲೇ ಬಿಸಿ ರೊಟ್ಟಿ ಸಿಗುತ್ತಿದೆಯೆಂದರೆ ಅದು ನನ್ನ ಹೆಂಡತಿ ಸುಮಂಗಲಾಳ ದೊಡ್ಡತನ. ಆ ಮಾತು ನನ್ನ ಬಾಯಿಂದ ಹೇಗೆ ಬಂತು ಅನ್ನುವುದನ್ನು ಹೇಳಿದರೆ ನೀವೂ ಸ್ವಲ್ಪ ಕನಿಕರ ತೋರಿಸಬಹುದು.

ಕಾರು ಅಂದೆನಲ್ಲ, ಅದು ಎರಡೇ ಬಾಗಿಲಿನ, ಪರದೇಶದಲ್ಲಿ ಹುಟ್ಟಿದ, ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಹರೆಯದಲ್ಲಿ ಆಸೆಪಟ್ಟದ್ದು ತಲೆಕೂದಲು ಹಣ್ಣಾದ ಮೇಲೆ ಕೈಗೆ ಬಂತು. ಎಷ್ಟು ಕೆಳಗಿದೆಯೆಂದರೆ ಹತ್ತುವಾಗ ಬಾವಿಗೆ ಇಳಿದ ಹಾಗೆ, ಇಳಿಯುವಾಗ ಒಂದು ಕೈ ಮೊಣಕಾಲ ಮೇಲೆ, ಇನ್ನೊಂದು ಕೈ ಬಾಗಿಲ ಮೇಲೆ, ಬಾಯಲ್ಲಿ ಶಿವನ ಹೆಸರು. ಹಿಂದಿನ ಸೀಟು ಅಂತ ಒಂದಿದೆ. ಕಾಲುಗಳನ್ನು ಮನೆಯಲ್ಲೇ ಬಿಟ್ಟು ಬಂದವರು ಅಲ್ಲಿ ಆರಾಮಾಗಿ ಕೂರಬಹುದು. ತೆಲುಗು ಸೀಮೆಗೆ ಬಂದು ನೆಲೆಸಿದ ನಮ್ಮ ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟಿನ ವಾಚ್‌ಮನ್ನು ಅದನ್ನು ದಿನಾ ಒರೆಸಿ, ನಾನು ಬಂದಾಗ ಮಾತ್ರ ನಗು ತಡೆದುಕೊಳ್ಳುತ್ತಾನೆ.

ಆದರೆ ನಮ್ಮಿಬ್ಬರ ಪಾಲಿಗೆ ಆ ಕಾರು ಬೇರೆಯೇ ಕೆಲಸ ಮಾಡುತ್ತಿತ್ತು. ಸುಮಂಗಲಾ ಶಾಲೆಯಲ್ಲಿ ಗಣಿತದ ಟೀಚರು. ಬಂದ ಮೇಲೆ ಪೇಪರು ತಿದ್ದುವುದು, ಕುಕ್ಕರು, ಅವಳ ತಮ್ಮನ ಫೋನು. ನನಗೆ ಬಾಲಾನಗರದ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಉದ್ಯೋಗ. ವಾರವಿಡೀ ನಾವು ಆಡುವ ಮಾತೆಂದರೆ ಹಾಲು, ಗ್ಯಾಸು, ಲಿಫ್ಟು. ಭಾನುವಾರ ಬೆಳಿಗ್ಗೆ ಊರು ಏಳುವ ಮುಂಚೆ ಆ ಕಾರಿನಲ್ಲಿ ಅಕ್ಕಪಕ್ಕ ಕೂತು ಔಟರ್ ರಿಂಗ್ ರೋಡಿನ ಕಡೆಗೆ ಹೋದಾಗಲೇ ಗಂಡ ಹೆಂಡತಿ ಮಾತಾಡುವುದು. ಇದನ್ನು ನಾನು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ: ಆ ಒಂದು ತಾಸಿಗಾಗಿ ನಾನು ಸೋಮವಾರದಿಂದ ಕಾಯುತ್ತಿದ್ದೆ.

ಅಂಥ ಒಂದು ಭಾನುವಾರ ಸದ್ದು ಶುರುವಾಯಿತು. ನಮ್ಮ ಸೀಟಿನ ಹಿಂದೆ, ನೆಲದ ಕೆಳಗೆ. ನನ್ನ ಕಿವಿಗೆ ಅದು 'ಕಟ್'. ಸುಮಂಗಲಾಳ ಕಿವಿಗೆ 'ಟಣ್'. ಬಾಲಾನಗರದ ಗ್ಯಾರೇಜಿನ ಯಾದಗಿರಿ ಇಬ್ಬರ ಮಾತನ್ನೂ ಒಪ್ಪದೆ, "ಗರ್ರ್ ಆ ಸಾರ್, ಟಕ್ ಆ?" ಎಂದು ಕೇಳಿದ. ಸದ್ದಿನ ವಿಷಯದಲ್ಲಿ ಕನ್ನಡ, ತೆಲುಗು, ಹಿಂದಿ ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ ಎಂದು ಗೊತ್ತಾದದ್ದು ಅವತ್ತೇ. ಕೊನೆಗೆ ಭಾಷೆ ಬಿಟ್ಟು, ಗ್ಯಾರೇಜಿನ ನಡುವೆ ನಿಂತು ನಾನೇ ಬಾಯಲ್ಲಿ ಸದ್ದು ಮಾಡಿ ತೋರಿಸಿದೆ. ಟೈರಿಗೆ ಗಾಳಿ ಹಾಕಿಸಲು ಬಂದವರು ಗಾಳಿ ಮರೆತು ನಿಂತರು. ಯಾದಗಿರಿ ಕಣ್ಣು ಮುಚ್ಚಿ ಕೇಳಿ, "ಬೇರಿಂಗ್ ಪೋಯಿಂದಿ" ಎಂದು ತೀರ್ಪು ಕೊಟ್ಟ. ಬೇರಿಂಗ್ ಹೋಗಿದೆ ಅಂತ. ಬದಲಿಸಿದ. ಸದ್ದು ಹೋಗಲಿಲ್ಲ. ಆಮೇಲೆ ಗೇರ್‌ಬಾಕ್ಸಿನ ಕೆಳಗಿನ ರಬ್ಬರು ಹೋಗಿದೆ ಅಂದ. ಅದನ್ನೂ ಬದಲಿಸಿದ. ಸದ್ದಿಗೆ ಇನ್ನೂ ಹುರುಪು ಬಂತು.

ಅಷ್ಟರಲ್ಲಿ ಒಂದು ವಿಚಿತ್ರ ನಮ್ಮ ಗಮನಕ್ಕೆ ಬಂತು. ನಾನೊಬ್ಬನೇ ಓಡಿಸಿದರೆ ಸದ್ದಿಲ್ಲ. ಯಾದಗಿರಿ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ತನ್ನ ಸೈಟಿನ ತಕರಾರು ಹೇಳಿದರೂ ಸದ್ದಿಲ್ಲ. ಸುಮಂಗಲಾ ಕೂತಳೋ, ಬಂತು. ಯಾದಗಿರಿ ಗಲ್ಲ ತುರಿಸುತ್ತ ದನಿ ತಗ್ಗಿಸಿ, ನಮ್ಮಿಂದ ಕಲಿತ ಅರೆಗನ್ನಡದಲ್ಲಿ, "ಅಮ್ಮಗಾರಿದು ವಜನ್ ಎಷ್ಟು ಸಾರ್?" ಎಂದ. ನಮ್ಮ ಕಡೆ ವಜನ್ ಅಂದರೆ ತೂಕವೂ ಹೌದು, ಮಾತು ನಡೆಯುವ ಗತ್ತೂ ಹೌದು. ನಾನು ಎರಡನೆಯದೆಂದು ತಿಳಿದು, "ಭಾಳ ಐತಪ್ಪ, ಮನ್ಯಾಗ ಎಲ್ಲಾ ಅವರದ" ಅಂದೆ. ಅವನು ಗಂಭೀರವಾಗಿ ತಲೆಯಾಡಿಸಿ, ಹಾಗಾದರೆ ಅಷ್ಟೇ ಭಾರದ ಏನನ್ನಾದರೂ ಎಡಗಡೆ ಸೀಟಿನಲ್ಲಿಟ್ಟು ಓಡಿಸಿ ನೋಡಿ ಅಂದ.

ಭಾರದ್ದೆಂದರೆ ಮನೆಯಲ್ಲಿ ಆಗತಾನೆ ವಿಜಯಪುರದ ಕಡೆಯಿಂದ ಬಂದ ಬಿಳಿಜೋಳದ ಚೀಲವಿತ್ತು. ವಾಚ್‌ಮನ್ನು ಹೆಗಲು ಕೊಟ್ಟ. ತಿರುವಿನಲ್ಲಿ ಉರುಳಬಾರದೆಂದು ಸೀಟ್ ಬೆಲ್ಟೂ ಹಾಕಿದೆ. ಬಾಲಾನಗರದ ತನಕ ಹೋಗಿ ಬಂದೆ; ಜೋಳ ತುಟಿಪಿಟಕ್ ಅನ್ನಲಿಲ್ಲ, ಕಾರೂ ಅನ್ನಲಿಲ್ಲ. ಬರುವಷ್ಟರಲ್ಲಿ ಸುಮಂಗಲಾ ಶಾಲೆಯಿಂದ ಬಂದು ಗೇಟಿನ ಹತ್ತಿರವೇ ನಿಂತಿದ್ದಳು.

"ಯಾರ ಬದಲಿ ರೀ ಇದು?" ಎಂದಳು, ತನ್ನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದ ಚೀಲ ನೋಡಿ.

ಇಂಥ ಹೊತ್ತಿನಲ್ಲಿ ಬುದ್ಧಿವಂತರು ಸುಳ್ಳು ಹೇಳುತ್ತಾರೆ. ನಾನು ತಪಾಸಣೆಯವನು, ಫಲಿತಾಂಶ ಹೇಳಿಬಿಟ್ಟೆ. ಚೀಲ ಕುಂತರ ಸಪ್ಪಳಿಲ್ಲ, ನೀ ಕುಂತರ ಮಾತ್ರ ಐತಿ, ಅಂತ.

ಸುಮಂಗಲಾ ಕೂಗಾಡುವವಳಲ್ಲ. "ಸರಿ. ಸಪ್ಪಳ ನನ್ನಿಂದ ಅಲ್ಲ ಅನ್ನೂದು ಸಿದ್ಧ ಆಗೂತನಾ ನಾ ಇದರಾಗ ಕುಂದ್ರೂದಿಲ್ಲ. ಮುಂದಿನ ಐತವಾರಕ್ಕ ಸಿದ್ಧ ಆಗಲಿಲ್ಲಂದ್ರ ಕುಷಾಯಿಗೂಡದವರಿಗೆ ಫೋನ್ ಹಚ್ಚತೀನಿ" ಅಂದಳು. ಕುಷಾಯಿಗೂಡದವರೆಂದರೆ ಸಿಗ್ನಲ್ಲಿನಲ್ಲಿ ನಮ್ಮ ಕಾರು ನೋಡಿ ಮನಸೋತು, ಕೊಡುತ್ತೀರಾ ಕೊಡುತ್ತೀರಾ ಎಂದು ಗಂಟುಬಿದ್ದಿದ್ದ ಒಬ್ಬ ಮಹಾಶಯರು. ಕಾರು ಹೋಗುವುದು ಒಂದು ಕಡೆ. ಭಾನುವಾರವೂ ಹಾಲು, ಗ್ಯಾಸು, ಲಿಫ್ಟಿಗೆ ಬಂದು ನಿಲ್ಲುತ್ತದಲ್ಲ ಅನ್ನುವ ಸಂಕಟ ಅದಕ್ಕಿಂತ ದೊಡ್ಡದು.

ಭಾನುವಾರ ಮೂವರೂ ಹೊರಟೆವು. ಪರೀಕ್ಷೆಗೆ ಮಾತ್ರ ಎಂದು ಹೇಳಿ ಸುಮಂಗಲಾ ಕೂತಳು. ಯಾದಗಿರಿ ಹಿಂದೆ ಮಡಚಿಕೊಂಡು, ಮೊಣಕಾಲುಗಳ ನಡುವಿನಿಂದ ಮುಖ ತೋರಿಸುತ್ತಿದ್ದ. ಅವಳು ಮುನಿಸಿಕೊಂಡು ಸುಮ್ಮನಿದ್ದಳು. ಕಾರೂ ಸುಮ್ಮನಿತ್ತು. ಮೇಲ್ಸೇತುವೆ ದಾಟಿ ವೇಗ ಹಿಡಿದ ಮೇಲೆ ಅವಳು ಕಿಟಕಿಯ ಕಡೆ ನೋಡುತ್ತಲೇ, "ನಿಮ್ಮಕ್ಕ ಫೋನ್ ಮಾಡಿದ್ರು" ಅಂದಳು. ಹಿಂದೆ ಟಣ್ ಅಂತು. "ನಮ್ಮಲ್ಲೇ ಬಂದು ಇರತಾರಂತ." ಟಣ್ ಟಣ್. ಯಾದಗಿರಿಗೆ ಉತ್ಸಾಹ ಬಂತು. "ಅಮ್ಮಾ, ಮಾತಾಡಬ್ಯಾಡ್ರಿ" ಅಂದ. ಸದ್ದು ನಿಂತಿತು. "ಮಾತಾಡ್ರಿ" ಅಂದ. ಬಂತು. ಅಮ್ಮನವರ ದನಿಗೆ ಕಾರಿನ ತಗಡು ಅದುರುತ್ತಿದೆ, ತಗಡು ಬಿಚ್ಚಿ ನೋಡಬೇಕು ಎಂದು ಅವನು ಮೂರನೆಯ ತೀರ್ಪು ಕೊಟ್ಟ.

"ತಗಡಲ್ಲಪ್ಪ, ಅವರ ಕಾಲ ನೋಡು" ಅಂದಳು ಸುಮಂಗಲಾ. ಹಿಂದಿನ ಬೆಂಚಿನ ಹುಡುಗ ನಕಲು ಹೊಡೆಯುವುದನ್ನು ಹಿಡಿಯುವ ಕಣ್ಣು ಅದು. "ನಾ ಬಾಯಿ ತೆಗದ್ರ ಸಾಕು, ಎಕ್ಸಿಲೇಟರ್ ಮ್ಯಾಲಿಂದ ಕಾಲ ಎತ್ತತಾರ. ಮಾತ ಮುಗದ ಮ್ಯಾಲ ಮತ್ತ ತುಳೀತಾರ."

ನಾನೂ ನೋಡಿಕೊಂಡೆ. ಹೌದು, ನನ್ನದೇ ಕಾಲು, ನನ್ನನ್ನು ಕೇಳದೆ ಏಳುತ್ತಿತ್ತು. ಮದುವೆಯಾದಾಗಿನಿಂದ ಅವಳು "ರೀ" ಅಂದ ಕೂಡಲೇ ಕೈಯಲ್ಲಿದ್ದದ್ದನ್ನು ಬಿಟ್ಟು ನಿಲ್ಲುವ ಅಭ್ಯಾಸ ಕಾಲಿಗೂ ಇಳಿದಿತ್ತು. ಯಾದಗಿರಿ ಪಕ್ಕದಲ್ಲಿ ಕೂತು ಮಾತಾಡಿದಾಗ ಏಳಲಿಲ್ಲ, ಏಕೆಂದರೆ ಅವನ ಸೈಟಿನ ತಕರಾರನ್ನು ನಾನು ಕೇಳುತ್ತಲೇ ಇರಲಿಲ್ಲ. ಗ್ಯಾರೇಜಿನಲ್ಲಿ ಕಾರೆತ್ತಿ ನೋಡಿದಾಗ ಉಳಿದದ್ದೂ ತಿಳಿಯಿತು. ಎಂಜಿನ್ನಿನ ಜೋರನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ಶಾಫ್ಟಿನಲ್ಲಿ ಮೆಕ್ಯಾನಿಕ್ಕುಗಳು 'ಕ್ರಾಸ್' ಅನ್ನುವ ಕೀಲೊಂದಿದೆ. ಅದು ಸವೆದು ಸಡಿಲಾಗಿತ್ತು. ಓಡುವಾಗ ಗಕ್ಕನೆ ಕಾಲೆತ್ತಿದರೆ, ಮತ್ತೆ ಗಕ್ಕನೆ ತುಳಿದರೆ ಬಡಿದುಕೊಳ್ಳುತ್ತಿತ್ತು. ಯಾದಗಿರಿ ಹೊಸ ಕ್ರಾಸ್ ಹಾಕಿ, ನಾನು ಮೊದಲೇ ಅಂದುಕೊಂಡಿದ್ದೆ ಸಾರ್ ಅಂದ. ಸುಮಂಗಲಾ ನಿರ್ದೋಷಿಯೆಂದು ಸಿದ್ಧವಾಯಿತು. ಕುಷಾಯಿಗೂಡಕ್ಕೆ ಫೋನ್ ಹೋಗಲಿಲ್ಲ.

ಮುಂದಿನ ಭಾನುವಾರ ಕಾರು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಹೋಯಿತು. ನನಗೆ ಸ್ವರ್ಗ. ಸುಮಂಗಲಾ ಏನೋ ಹೇಳುತ್ತಿದ್ದವಳು ನಡುವೆ ನಿಲ್ಲಿಸಿದಳು.

"ಕೇಳಾಕತ್ತೀರೇನು?"

"ಕೇಳಾಕತ್ತೀನಲ್ಲ."

"ಹೆಂಗ ತಿಳೀಬೇಕು? ಮೊದಲು ಒಂದ್ ಮಾತ ಹೇಳಿದ್ರ ಹಿಂದ ಟಣ್ ಅಂತಿತ್ತು. ಈ ಮನಿಷ್ಯಾ ಕೇಳ್ಯಾನ ಅಂತ ಸಮಾಧಾನ ಇತ್ತು."

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಇಷ್ಟು ದಿನ ನನ್ನ ಪರವಾಗಿ ಕಾರು ಹೂಂಗುಡುತ್ತಿತ್ತು, ಅದನ್ನು ನಾನೇ ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದ್ದೆ. ಅಂದಿನಿಂದ ಹೂಂ ಅನ್ನುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವಳ ಮಾತು ಎಲ್ಲಿ ನಿಂತರೂ ಒಂದು ಹೂಂ ಹಾಕುತ್ತ ಓಡಿಸುತ್ತೇನೆ, ಕಾಲು ಮಾತ್ರ ಏಳದ ಹಾಗೆ ನೋಡಿಕೊಳ್ಳುತ್ತೇನೆ. ಮೊನ್ನೆ ಹೀಗೇ ಎಂಜಿನ್ನಿನ ಇಂಪಿಗೆ ಕಿವಿಗೊಟ್ಟು ಹೂಂ, ಹೂಂ ಅನ್ನುತ್ತಿದ್ದಾಗ ಅವಳು ತಣ್ಣಗೆ, "ಈಗ ನಾ ಏನಂದೆ, ಹೇಳ್ರಿ ನೋಡೂಣು" ಅಂದಳು.

ನಾನು ಕಾರನ್ನು ಬದಿಗೆ ನಿಲ್ಲಿಸಿ ಯಾದಗಿರಿಗೆ ಫೋನ್ ಮಾಡಿದೆ. ಆ ಹಳೆಯ ಕ್ರಾಸನ್ನು ಗುಜರಿಗೆ ಹಾಕಿದ್ದಾನೋ, ಇನ್ನೂ ಇಟ್ಟಿದ್ದಾನೋ ಎಂದು ಕೇಳಿದೆ.