ಸಂಕ್ರಾಂತಿ ಗಾಳಿ ಮತ್ತು ನನ್ನ ಅನುಮಾನಗಳು

ಟೆಕ್ಸಸ್ಸಿಗೆ ಬಂದ ಮೇಲೆ ಹವಾಮಾನದ ದೆಸೆಯಿಂದ ನಮ್ಮ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಆದದ್ದನ್ನೆಲ್ಲ ನನ್ನ ಗಂಡ ದೇವರ ಇಚ್ಛೆ ಅನ್ನುತ್ತಾರೆ. ನಾನು ಇದರ ಹಿಂದೆ ಯಾರಿದ್ದಾರೆ ಅಂತ ನೋಡುತ್ತೇನೆ. ಮನೆಯವರು ಇದಕ್ಕೆ ಅನುಮಾನದ ಬುದ್ಧಿ ಅಂತ ಹೆಸರಿಟ್ಟಿದ್ದಾರೆ. ನನ್ನ ಪ್ರಕಾರ ಇದು ಜವಾಬ್ದಾರಿ. ಮನೆಗೊಬ್ಬರಾದರೂ ಕಣ್ಣು ಬಿಟ್ಟುಕೊಂಡಿರಬೇಕಲ್ಲ. ಕಳೆದ ಸಂಕ್ರಾಂತಿಗೆ ಬೀಸಿದ ಗಾಳಿಯ ಕಥೆ ಕೇಳಿ, ಆಮೇಲೆ ನೀವೇ ಹೇಳಿ.

ಬೆಚ್ಚಗಿನ ಬೆಳಗು

ಹಬ್ಬದ ಹಿಂದಿನ ದಿನ ಡಾಲಸ್ ಪಕ್ಕದ ನಮ್ಮ ಅಲೆನ್ ಊರಿನಲ್ಲಿ ಎಷ್ಟು ಸೆಕೆ ಇತ್ತೆಂದರೆ ಎದುರುಮನೆಯಾತ ಚಡ್ಡಿಯಲ್ಲಿ ನಿಂತು ಹುಲ್ಲಿಗೆ ನೀರು ಬಿಡುತ್ತಿದ್ದ. ಜನವರಿಯಲ್ಲಿ ಟೆಕ್ಸಸ್ ಇಷ್ಟು ಮರ್ಯಾದೆಯಿಂದ ನಡೆದುಕೊಂಡರೆ ಒಳಗೊಳಗೇ ಏನೋ ಮಸಲತ್ತು ನಡೆದಿದೆ ಅಂತಲೇ ಅರ್ಥ. ಅಷ್ಟರಲ್ಲಿ ಮನೆಯ ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು. ನಾಳೆ ಉತ್ತರದಿಂದ ಭಾರಿ ಗಾಳಿ, ಜೊತೆಗೆ ಕೊರೆಯುವ ಚಳಿ, ಹಾರಿಹೋಗುವಂಥದ್ದನ್ನೆಲ್ಲ ಒಳಗಿಡಿ ಅಂತ ಎಚ್ಚರಿಕೆ. ಗಂಡ ಆಕಾಶ ನೋಡಿ ಏನೂ ಆಗುವುದಿಲ್ಲ ಅಂದರು. ನಾನು ಫೋನನ್ನೂ ನಂಬಲಿಲ್ಲ, ಅವರನ್ನೂ ನಂಬಲಿಲ್ಲ.

ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಗೆ ಗಾಳಿಯ ಚಿಂತೆ ಇರಲಿಲ್ಲ, ಅವರ ಚಿಂತೆ ಎಳ್ಳಿನದು. ವಾರದಿಂದ ಕೂತು ಕೊಬ್ಬರಿ, ಬೆಲ್ಲವನ್ನು ಅಡಕತ್ತರಿಯಲ್ಲಿ ಸಣ್ಣಗೆ ಹೆಚ್ಚಿ, ಹುರಿದ ಎಳ್ಳು, ಕಡಲೆಬೀಜ, ಹುರಿಗಡಲೆ ಬೆರೆಸಿ, ಅಂಗೈಯಲ್ಲಿ ಮುಚ್ಚಿಡುವಷ್ಟು ಸಣ್ಣ ಜಿಪ್ ಕವರುಗಳಿಗೆ ತುಂಬಿದ್ದರು. ಪ್ರತಿಯೊಂದರಲ್ಲೂ ಗುಲಾಬಿ ಬಣ್ಣದ ಒಂದು ಸಕ್ಕರೆ ಅಚ್ಚು. ಅವರು ಹಿಂದಿನ ಸಲ ಬಂದಾಗ ನಾವು ಕ್ಯಾರಲ್ಟನ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು, ಬಾಗಿಲು ತೆಗೆದರೆ ಕನ್ನಡವೋ ತೆಲುಗೋ ಕಿವಿಗೆ ಬೀಳುತ್ತಿತ್ತು. ಅಲೆನ್‌ಗೆ ಶಿಫ್ಟ್ ಆದ ಮೇಲೆ ಅತ್ತೆಯ ಪಾಲಿಗೆ ಬೀದಿ ಅಂದರೆ ಕಿಟಕಿ. ಅವರು ಯಾರ ಹೊಸ್ತಿಲನ್ನೂ ತುಳಿದಿರಲಿಲ್ಲ, ನಮ್ಮ ಹೊಸ್ತಿಲನ್ನು ಯಾರೂ ತುಳಿದಿರಲಿಲ್ಲ. ಸಂಕ್ರಾಂತಿಗೆ ಬೀದಿಯವರಿಗೆಲ್ಲ ಎಳ್ಳು ಬೀರಬೇಕು, ಆ ನೆಪದಲ್ಲಾದರೂ ನಾಲ್ಕು ಮುಖ ನೋಡಬೇಕು ಅನ್ನುವುದು ಅವರ ಆಸೆ.

ನಾನು ಬೇಡ ಅಂದೆ. ಈ ಊರಿನಲ್ಲಿ ಗುರುತಿಲ್ಲದವರು ಕೊಟ್ಟದ್ದನ್ನು ಯಾರೂ ತಿನ್ನುವುದಿಲ್ಲ, ನಾನಂತೂ ತಿನ್ನುವುದಿಲ್ಲ ಅಂದೆ. "ಎಳ್ಳು ಬೀರದೆ ನಾನು ಒಂದು ಸಂಕ್ರಾಂತೀನೂ ಕಳೆದಿಲ್ಲ ಕಣಮ್ಮ. ನಾವು ನಾವೇ ಕೂತ್ಕೊಂಡು ತಿಂದ್ರೆ ಅದು ಹಬ್ಬ ಅಲ್ಲ, ತಿಂಡಿ" ಅಂದರು ಅತ್ತೆ.

ಅಂಗಡಿಯಲ್ಲಿ ಹಿಂಬಾಲಿಸಿದವನು

ಕಬ್ಬು, ಬಾಳೆಹಣ್ಣು ತರಲು ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಗೆ ಹೋದೆ. ಗಾಳಿಯ ಸುದ್ದಿ ಕೇಳಿ ಅರ್ಧ ಡಾಲಸ್ ಅಲ್ಲೇ ಇತ್ತು. ಬಿರುಗಾಳಿಗೂ ಕೊತ್ತಂಬರಿ ಸೊಪ್ಪಿಗೂ ಏನು ಸಂಬಂಧವೋ, ಒಂದು ಕಟ್ಟೂ ಉಳಿದಿರಲಿಲ್ಲ. ನಾನು ಕಾರ್ಟ್ ತಳ್ಳಿಕೊಂಡು ಹೋಗುತ್ತಿದ್ದರೆ, ಬೇಳೆಯ ಸಾಲಿನಿಂದ ಕನ್ನಡಕದ ಯುವಕನೊಬ್ಬ ಹಿಂದೆಯೇ ಬರತೊಡಗಿದ. ನಾನು ನಿಂತರೆ ಅವನೂ ನಿಲ್ಲುತ್ತಾನೆ. ತಿರುಗಿ ನೋಡಿದರೆ ಉಪ್ಪಿನಕಾಯಿ ಬಾಟಲಿ ಎತ್ತಿ ಓದುತ್ತಾನೆ. ಕಾರ್ಟಿನಲ್ಲಿದ್ದ ಕಬ್ಬಿನ ಮೇಲೆಯೇ ಅವನ ಕಣ್ಣು ಅಂತ ನನಗೆ ಖಾತ್ರಿಯಾಯಿತು. ಅಂಗಡಿಯಲ್ಲಿ ಬೇರೆ ಕಬ್ಬು ಉಳಿದಿರಲಿಲ್ಲ.

ಬಿಲ್ ಮಾಡಿಸುವ ಸಾಲಿನಲ್ಲೂ ಬಂದು ಹಿಂದೆ ನಿಂತಾಗ ತಾಳ್ಮೆ ಕಳೆದುಕೊಂಡು, ಏನು ಬೇಕಾಗಿತ್ತು ಅಂತ ಇಂಗ್ಲಿಷಿನಲ್ಲಿ ಗದರಿಸಿದೆ. ಅವನು ಬೆವರು ಒರೆಸಿಕೊಂಡು ಕನ್ನಡದಲ್ಲಿ, "ಮೇಡಂ, ಇದು ನನ್ನ ಕಾರ್ಟು. ಕಬ್ಬು ನೀವೇ ಇಟ್ಕೊಳ್ಳಿ. ಅದರ ಕೆಳಗಡೆ ನನ್ನ ಕಾರ್ ಕೀ ಇದೆ, ಅದೊಂದು ಕೊಟ್ಬಿಡಿ" ಅಂದ.

ಕೀ ಕೊಟ್ಟೆ. ಕಬ್ಬನ್ನು ಅವನು ಹೇಳಿದಂತೆ ನಾನೇ ಇಟ್ಟುಕೊಂಡೆ.

ಬೇಲಿಯ ಆಚೆ, ಈಚೆ

ಹಬ್ಬದ ಬೆಳಿಗ್ಗೆ ಗಾಳಿ ಬಂತು. ಬಂತು ಅನ್ನುವುದಕ್ಕಿಂತ ಮನೆಯ ಮೇಲೆ ಬಿತ್ತು ಅನ್ನಬೇಕು. ಬೀದಿಯ ಕಸದ ಡಬ್ಬಗಳು ಒಂದರ ಹಿಂದೊಂದು ಉರುಳಿಕೊಂಡು ಹೋದವು. ಯಾರದೋ ಮನೆಯ ಮಕ್ಕಳು ನೆಗೆದಾಡುವ ಟ್ರ್ಯಾಂಪೊಲಿನ್ ನಮ್ಮ ಮನೆ ಮುಂದೆ ಬಂದು, ವಿಳಾಸ ಮರೆತವರಂತೆ ಸ್ವಲ್ಪ ಹೊತ್ತು ನಿಂತು, ಮುಂದೆ ಹೋಯಿತು. ಕರೆಂಟೂ ಹೋಯಿತು. ಹ್ಯೂಸ್ಟನ್‌ನಲ್ಲಿರುವ ಹುಬ್ಬಳ್ಳಿಯ ಗೆಳತಿಗೆ ಫೋನ್ ಮಾಡಿ ಗೋಳು ಹೇಳಿಕೊಂಡರೆ, "ನಾವು ಹರಿಕೇನ್ ಕಂಡವ್ರು ನೋಡ್ರಿ. ಇಷ್ಟ ಗಾಳಿಗೆ ಅಂಜಿದ್ರ ಹೆಂಗ್ರಿ" ಅಂದಳು. ಆಸ್ಟಿನ್‌ನಲ್ಲಿರುವ ಮೈದುನ, ಇಲ್ಲಿ ಕರೆಂಟ್ ಇದೆ ಅತ್ತಿಗೆ, ಎಲ್ಲರೂ ಬಂದುಬಿಡಿ ಅಂದ. ಈ ಗಾಳಿಯಲ್ಲಿ ಯಾರೂ ಅಷ್ಟು ದೂರ ಡ್ರೈವ್ ಮಾಡಲಾರರು ಅಂತ ಗೊತ್ತಿದ್ದೇ ಕರೆದ ಅನ್ನುವುದು ನನ್ನ ಅಭಿಪ್ರಾಯ.

ನಮಗೂ ಪಕ್ಕದ ಮನೆಯ ಅಮೆರಿಕನ್ ತಾತನಿಗೂ ನಡುವೆ ಒಂದು ಮರದ ಬೇಲಿ ಇತ್ತು. ಆ ಬೇಲಿಯ ಮೊಳೆಗಳನ್ನು ತಾತ ಆಗಾಗ ಸಡಿಲ ಮಾಡುತ್ತಾರೆ ಅನ್ನುವುದು ನನ್ನ ಗುಮಾನಿ. ಅವತ್ತು ಬೇಲಿ ನಮ್ಮ ಕಡೆ ವಾಲತೊಡಗಿದಾಗ ಗಂಡ ಓಡಿಹೋಗಿ ಹೆಗಲು ಕೊಟ್ಟರು. ಗಾಳಿ ಆಚೆಯಿಂದ ತಳ್ಳುತ್ತಿದೆ, ಬಿಡಬೇಡಿ, ಇನ್ನೂ ಒತ್ತಿ ಅಂತ ನಾನು ಹಿತ್ತಿಲ ಬಾಗಿಲಿನಿಂದ ಹುರಿದುಂಬಿಸಿದೆ. ಅವರು ಒತ್ತಿದಷ್ಟೂ ಬೇಲಿಯೂ ತಿರುಗಿ ಒತ್ತಿತು. ಹೀಗೆ ಬಹಳ ಹೊತ್ತು ನಡೆದ ಮೇಲೆ ನೋಡುತ್ತೇನೆ, ಹಿತ್ತಿಲ ಮರದಲ್ಲಿ ಒಂದು ಎಲೆಯೂ ಅಲುಗುತ್ತಿಲ್ಲ. ಗಾಳಿ ಆಗಲೇ ನಿಂತುಹೋಗಿತ್ತು. ಅಷ್ಟರಲ್ಲಿ ಬೇಲಿ ನಡುವೆ ಮುರಿದು ಬಿತ್ತು. ಆಚೆ ಕಡೆ ತಾತ ಹೆಗಲು ಕೊಟ್ಟುಕೊಂಡು ಏದುಸಿರು ಬಿಡುತ್ತ ನಿಂತಿದ್ದರು.

"ಇಂಥ ಗಾಳಿ ನನ್ನ ಜನ್ಮದಲ್ಲಿ ನೋಡಿಲ್ಲ" ಅಂದರು ತಾತ.

"ನಾನೂ ನೋಡಿಲ್ಲ" ಅಂದರು ನನ್ನ ಗಂಡ.

ಎಳ್ಳು ಹೋದದ್ದು

ಗಾಳಿ ನಿಂತಿದೆಯಲ್ಲ, ಉರುಳಿಹೋದ ಕಸದ ಡಬ್ಬ ಹುಡುಕಿ ತರೋಣ ಅಂತ ಗಂಡ ಗರಾಜಿನ ಬಾಗಿಲನ್ನು ಕೈಯಿಂದ ಎತ್ತಿದರು. ಎಳ್ಳಿನ ಪೊಟ್ಟಣಗಳ ರಟ್ಟಿನ ಪೆಟ್ಟಿಗೆ ಬಾಗಿಲ ಪಕ್ಕದ ಮೇಜಿನ ಮೇಲಿತ್ತು. ಹೊರಡುವಾಗ ಕೈಗೆ ಸಿಗಲಿ ಅಂತ ಅತ್ತೆಯೇ ಅಲ್ಲಿಟ್ಟಿದ್ದರು. ಗಾಳಿ ಇಷ್ಟು ಹೊತ್ತು ಮೂಲೆಯಲ್ಲಿ ಅವಿತುಕೊಂಡಿತ್ತೇನೋ, ಮೊದಲಿಗಿಂತ ಜೋರಾಗಿ ಒಳಗೆ ನುಗ್ಗಿ, ಗರಾಜಿನಲ್ಲಿ ಒಂದು ಸುತ್ತು ಹಾಕಿ, ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಟೇ ಹೋಯಿತು. ಪೊಟ್ಟಣಗಳಲ್ಲಿ ಕೆಲವು ಹಾರಿದವು, ಕೆಲವು ಉರುಳಿದವು. ನಾವು ಬೀದಿಗೆ ಇಳಿಯುವಷ್ಟರಲ್ಲಿ ಒಂದೂ ಕಣ್ಣಿಗೆ ಕಾಣುತ್ತಿರಲಿಲ್ಲ.

ಅತ್ತೆ ಒಳಗೆ ಬಂದು ಅಡಕತ್ತರಿಯನ್ನು ಒರೆಸಿ ಸೂಟ್‌ಕೇಸಿನಲ್ಲಿಟ್ಟರು. ನಾಲ್ಕು ಬೈದಿದ್ದರೆ ವಾಸಿಯಾಗಿತ್ತು. ನನಗೆ ತುಂಬ ಸಂಕಟವಾಯಿತು. ಬೀರುವುದು ಬೇಡ ಅಂದವಳು ನಾನೇ, ಆದರೆ ಹೀಗಾಗಲಿ ಅಂತ ಅಂದಿರಲಿಲ್ಲ. ಎಳ್ಳಿನ ಡಬ್ಬದ ತಳದಲ್ಲಿ ಇನ್ನೂ ಒಂದಿಷ್ಟು ಇದೆಯಲ್ಲ ಅಂತ ಸಮಾಧಾನ ಹೇಳಿದೆ. ಯಾರಿಗೆ ಕೊಡಲಿ ಅಂದರು. ನಾನು ತಕ್ಷಣ ಗಂಡನ ಕಡೆ ತಿರುಗಿ, ಬೇಕಂತಲೇ ಬಾಗಿಲು ತೆಗೆದಿರಾ ಅಂತ ಕೇಳಿದೆ.

"ಬಾಗಿಲು ತೆಗೆದದ್ದು ನಾನೇ. ಗಾಳಿಗೆ ಹೇಳಿಕೊಟ್ಟಿದ್ದು ನಾನಲ್ಲ" ಅಂದರು.

ಛಾವಣಿ ನೋಡಲು ಬಂದವನು

ಮಾರನೆಯ ದಿನ ಗಾಳಿ ಹೋಗಿತ್ತು, ಕರೆಂಟ್ ಬಂದಿರಲಿಲ್ಲ. ಟೆಕ್ಸಸ್ಸಿನಲ್ಲಿ ಗಾಳಿಯ ಬೆನ್ನಿಗೇ ಛಾವಣಿ ರಿಪೇರಿಯವರು ಬರುತ್ತಾರೆ. ನಮ್ಮ ಬಾಗಿಲು ತಟ್ಟಿದವನು ಪುಕ್ಕಟೆಯಾಗಿ ನೋಡಿಕೊಡುತ್ತೇನೆ ಅಂದ. ಪುಕ್ಕಟೆ ಅಂತ ಕೇಳಿದರೆ ನನಗೆ ಮೈಯೆಲ್ಲ ಕಣ್ಣಾಗುತ್ತದೆ. ಏಣಿ ಹತ್ತಿ ಇಳಿದು ಬಂದವನ ಕೈಯಲ್ಲಿ ನಮ್ಮ ಎಳ್ಳಿನ ಪೊಟ್ಟಣವೊಂದಿತ್ತು. ಛಾವಣಿ ಅಂಚಿನ ಗಟರಿನಲ್ಲಿ ಸಿಕ್ಕಿತು, ಬೀದಿಯಲ್ಲೂ ಅಲ್ಲಲ್ಲಿ ಬಿದ್ದಿವೆ, ನಿಮ್ಮದಾ ಅಂತ ಕೇಳಿದ. ಗುರುತಿಲ್ಲದವರ ಮುಂದೆ ಯಾವುದನ್ನೂ ನಮ್ಮದು ಅನ್ನಬಾರದು ಅನ್ನುವುದು ನನ್ನ ನಿಯಮ. ನಮ್ಮದಲ್ಲ ಅಂದೆ.

ಆಮೇಲೆ ಅವನು ಫೋನ್ ತೆಗೆದು, ನಿಮ್ಮ ಛಾವಣಿ ಪೂರ್ತಿ ಹಾಳಾಗಿದೆ ಅಂತ ಫೋಟೋ ತೋರಿಸಿದ. ಹಾಳಾಗಿದ್ದು ನಿಜ. ಆದರೆ ಫೋಟೋದ ಮೂಲೆಯಲ್ಲಿ ದೊಡ್ಡದೊಂದು ಈಜುಕೊಳ ಇತ್ತು. ನಮ್ಮ ಮನೆಗೆ ಈಜುಕೊಳವೇ ಇಲ್ಲವಲ್ಲ ಅಂದೆ.

ಅವನು ನಮ್ಮ ಹಿತ್ತಿಲ ಕಡೆ ಒಮ್ಮೆ ಇಣುಕಿ, ಮರುಕದಿಂದ ತಲೆಯಾಡಿಸಿ, "ಗಾಳಿ ಅಷ್ಟು ಜೋರಿತ್ತು ಮೇಡಂ" ಅಂದ.

ಬೀದಿಯವರ ಸಂಶೋಧನೆ

ಕಾರಿನಲ್ಲಿ ಕೂತು ಫೋನ್ ಚಾರ್ಜ್ ಮಾಡಿಕೊಂಡು ಬಂದ ಮಗಳು, ಬಡಾವಣೆಯವರ ಆಪ್‌ನಲ್ಲಿ ಗದ್ದಲವಾಗಿದೆ ಅಂತ ಓದಿ ಹೇಳಿದಳು. ಮನೆಮನೆಯ ಮುಂದೂ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳು ಬಿದ್ದಿವೆ, ಒಳಗೆ ಬಿಳಿ ಬೀಜ, ಕಂದು ಕಲ್ಲು, ಗುಲಾಬಿ ಬಣ್ಣದ ಹರಳು ಇವೆ, ಮಕ್ಕಳನ್ನೂ ನಾಯಿಗಳನ್ನೂ ದೂರ ಇಡಿ ಅಂತ ಯಾರೋ ಬರೆದಿದ್ದರು. ಇದು ಮಾದಕ ವಸ್ತು ಅಂತ ಒಬ್ಬರು. ಕಳ್ಳರು ನುಗ್ಗಬೇಕಾದ ಮನೆಗಳಿಗೆ ಗುರುತು ಮಾಡಿ ಹೋಗಿದ್ದಾರೆ ಅಂತ ಇನ್ನೊಬ್ಬರು. ಗುಲಾಬಿ ಹರಳು ಗಿಳಿಯ ಆಕಾರದಲ್ಲಿದೆ, ಇದು ಯಾವುದೋ ಗ್ಯಾಂಗಿನ ಚಿಹ್ನೆ, ಗಿಳಿ ಗ್ಯಾಂಗ್ ಬಗ್ಗೆ ಯಾರಿಗಾದರೂ ಗೊತ್ತೇ ಅಂತ ಮತ್ತೊಬ್ಬರು.

ಗಿಳಿ ಗ್ಯಾಂಗ್ ಅನ್ನುವಷ್ಟರಲ್ಲಿ ನಾನು ಎದ್ದಾಗಿತ್ತು. ಬೇಲಿ ಬೇರೆ ಮುರಿದಿದೆ. ಓಡಿಹೋಗಿ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿ, ಅದಕ್ಕೊಂದು ಕುರ್ಚಿ ಒತ್ತರಿಸಿಟ್ಟು ಬಂದೆ. ಕಿಟಕಿ ಪರದೆ ಎಳೆಯುತ್ತಿದ್ದಾಗ ಮಗಳು ತಲೆ ಎತ್ತಿದಳು.

"ಅಮ್ಮಾ, ದಟ್ಸ್ ಅಜ್ಜೀಸ್ ಎಳ್ಳು" ಅಂದಳು.

ಮನೆಗೆ ಬಂದ ಅತಿಥಿ

ಸ್ವಲ್ಪ ಹೊತ್ತಿಗೆ, ಬೀದಿಯಲ್ಲಿ ಮನೆಮನೆ ವಿಚಾರಿಸುತ್ತ, ನಮ್ಮ ಮನೆ ಮುಂದೆಯೂ ಪೊಲೀಸ್ ಕಾರ್ ಬಂದು ನಿಂತಿತು. ಇಳಿದವನು ಎತ್ತರದ ಆಫೀಸರ್. ಕೈಗೆ ನೀಲಿ ಗ್ಲೌಸ್, ಎರಡು ಬೆರಳ ನಡುವೆ ನಮ್ಮ ಎಳ್ಳಿನ ಪೊಟ್ಟಣ. ಪಕ್ಕದ ಮನೆಯ ತಾತನೂ ತಮ್ಮ ನಾಯಿಯನ್ನು ಹಿಡಿದುಕೊಂಡು ಹಿಂದೆಯೇ ಬಂದರು. ನನ್ನ ಗಂಡ ಹಿತ್ತಿಲಲ್ಲಿ ಬೇಲಿ ಜೋಡಿಸುತ್ತಿದ್ದರು. ಕರೆದದ್ದು ಕೇಳಿಸಲೇ ಇಲ್ಲ ಅನ್ನುತ್ತಾರೆ, ನಾನು ನಂಬುವುದಿಲ್ಲ. ಬಾಗಿಲು ತೆಗೆದು ಹೊಸ್ತಿಲಿಗೆ ಅಡ್ಡವಾಗಿ ನಾನೇ ನಿಂತೆ.

ಆಫೀಸರ್ ಬಹಳ ಮರ್ಯಾದೆಯಿಂದ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಎದುರುಮನೆಯವರ ಬಾಗಿಲ ಬ್ಯಾಟರಿ ಕ್ಯಾಮೆರಾದ್ದು. ಮುಖ ಮುಚ್ಚಿಕೊಂಡ ಒಂದು ಗಿಡ್ಡ ಆಕೃತಿ, ಮೊಣಕಾಲು ಮುಟ್ಟುವ ಗಂಡಸರ ಜಾಕೆಟ್ ತೊಟ್ಟು, ಅವರ ಹುಲ್ಲಿನ ಮೇಲೆ ಬಗ್ಗಿ, ಎಡಬಲ ನೋಡಿ, ಪಕ್ಕದ ಮನೆಯ ಕಡೆ ಓಡುತ್ತಿತ್ತು. ಈ ವ್ಯಕ್ತಿ ಪೊಟ್ಟಣ ಇಡುತ್ತ ಹೋದಂತಿದೆ, ನಿಮಗೆ ಗುರುತು ಸಿಗುತ್ತದೆಯೇ ಅಂತ ಕೇಳಿದ. ಸಿಗದೆ ಏನು. ನಮ್ಮ ಕಣ್ಣು ತಪ್ಪಿಸಿ ಅತ್ತೆ ಹಾರಿಹೋದ ಎಳ್ಳನ್ನು ಆರಿಸಲು ಹೋಗಿದ್ದರು. ಮುಖ ಮುಚ್ಚಿದ್ದು ಮೈಸೂರಿನಿಂದ ತಂದ ಅವರ ಕಂದು ಮಂಕಿ ಕ್ಯಾಪ್. ನಾನು, ಇಲ್ಲ, ಈ ಮನುಷ್ಯರನ್ನು ನಾನು ಕಂಡೇ ಇಲ್ಲ ಅಂದೆ. ಅನ್ನುತ್ತಿದ್ದ ಹಾಗೇ ಅತ್ತೆ ಅದೇ ಮಂಕಿ ಕ್ಯಾಪಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತರು.

ಅತ್ತೆಯ ಕಣ್ಣಿಗೆ ಪೊಲೀಸ್ ಕಾಣಲಿಲ್ಲ. ಎಳ್ಳಿನ ಪೊಟ್ಟಣ ಹಿಡಿದುಕೊಂಡು ಹಬ್ಬಕ್ಕೆ ಮನೆ ಬಾಗಿಲಿಗೆ ಬಂದ ಒಬ್ಬ ಮನುಷ್ಯ ಕಂಡ. ನಮ್ಮಲ್ಲಿ ಎಳ್ಳು ಕೊಡುವುದೂ ಉಂಟು, ಅವರು ತಂದದ್ದನ್ನು ಇಸಿದುಕೊಳ್ಳುವುದೂ ಉಂಟು. "ಬಾಪ್ಪಾ, ನೀನಾದ್ರೂ ಬಂದ್ಯಲ್ಲ" ಅನ್ನುತ್ತ ಅವನ ಬೆರಳಿನಿಂದ ಪೊಟ್ಟಣ ತೆಗೆದುಕೊಂಡು, ಬಿಚ್ಚಿ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಆಫೀಸರನ ಕೈ ಚಾಚಿದಂತೆಯೇ ಇತ್ತು. ಸಾಕ್ಷಿ ಅತ್ತೆಯ ಹೊಟ್ಟೆ ಸೇರಿತ್ತು.

ಅವನು ಸುಧಾರಿಸಿಕೊಳ್ಳುವಷ್ಟರಲ್ಲಿ ಅತ್ತೆ ಒಳಗೆ ಹೋಗಿ, ಡಬ್ಬದ ತಳದಲ್ಲಿ ಉಳಿದದ್ದನ್ನು ಬಟ್ಟಲಿಗೆ ಹಾಕಿಕೊಂಡು ಬಂದು ಅವನ ಮುಂದೆ ಹಿಡಿದರು. "ತಗೋಪ್ಪ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಅಂದರು.

ಏನು ಹೇಳುತ್ತಿದ್ದಾರೆ ಅಂತ ಆಫೀಸರ್ ಕೇಳಿದ. ಹೇಗೆ ಹೇಳಿದರೆ ಕ್ಷೇಮ ಅಂತ ನಾನು ಯೋಚಿಸುತ್ತಿದ್ದರೆ, ಹಿಂದೆ ನಿಂತಿದ್ದ ಮಗಳು ಇದನ್ನು ತಿಂದರೆ ನೀವು ಬರೀ ಒಳ್ಳೆಯ ಮಾತನ್ನೇ ಆಡುತ್ತೀರಂತೆ ಅಂತ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು. ಆಫೀಸರ್ ಒಂದು ಹೆಜ್ಜೆ ಹಿಂದೆ ಸರಿದ.

"ತಿಂದ ಎಷ್ಟು ಹೊತ್ತಿಗೆ?" ಅಂದ.

ಆಗ ತಾತ ಮುಂದೆ ಬಂದರು. ಅವರ ನಾಯಿ ಎಂಥದ್ದೆಂದರೆ ಚಿಟ್ಟೆ ಹಾರಿದರೂ ಬೀದಿ ಕಿತ್ತುಹೋಗುವಂತೆ ಬೊಗಳುತ್ತದೆ. "ಆಫೀಸರ್, ನಮ್ಮ ಹಿತ್ತಿಲಿಗೆ ಬಿದ್ದ ಪೊಟ್ಟಣಗಳನ್ನೆಲ್ಲ ಇವನು ನಿನ್ನೆ ಬಿಚ್ಚಿ ತಿಂದಿದ್ದಾನೆ. ಅದನ್ನೇ ಹೇಳಲು ಬಂದೆ. ಬೆಳಿಗ್ಗೆಯಿಂದ ಒಂದು ಸಲವೂ ಬೊಗಳಿಲ್ಲ" ಅಂದರು. ಎಲ್ಲರೂ ನಾಯಿಯನ್ನು ನೋಡಿದೆವು. ಅದು ಆಫೀಸರನ ಬೂಟನ್ನು ಮೂಸಿ ಬಾಲ ಅಲ್ಲಾಡಿಸಿತು. ಅಲ್ಲಿಯವರೆಗೆ ಅತ್ತೆಯ ಎಳ್ಳೊಂದರ ಮೇಲೆ ಮಾತ್ರ ನನಗೆ ಅನುಮಾನ ಇರಲಿಲ್ಲ.

ಇದ್ಯಾವುದೂ ಅತ್ತೆಗೆ ತಿಳಿಯುತ್ತಿರಲಿಲ್ಲ. ಬಟ್ಟಲನ್ನು ಇನ್ನಷ್ಟು ಮುಂದೆ ಚಾಚಿದರು. ಇವನೂ ಬೇಡ ಅಂದುಬಿಟ್ಟರೆ ಅನ್ನುವ ಅಂಜಿಕೆ ಮುಖದಲ್ಲಿ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಇದು ನಮ್ಮದೇ, ಇವರೇ ಮಾಡಿದ್ದು, ಹಬ್ಬಕ್ಕೆ ಬೀದಿಯವರಿಗೆಲ್ಲ ಕೊಡಬೇಕು ಅಂತಿದ್ದರು, ಗಾಳಿ ಹೊತ್ತುಕೊಂಡು ಹೋಯಿತು, ದಯವಿಟ್ಟು ಒಂದು ಚೂರು ತಿನ್ನಿ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆಫೀಸರ್ ನನ್ನನ್ನು ನೋಡಿದ, ಅತ್ತೆಯ ಕೈ ನೋಡಿದ. ನಿಧಾನವಾಗಿ ಗ್ಲೌಸ್ ಕಳಚಿ, ಒಂದು ಹಿಡಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಕೊಬ್ಬರಿ ಅಗಿಯಲು ಹೊತ್ತು ಹಿಡಿಯಿತು. ನಾನು, ಮಗಳು, ತಾತ, ನಾಯಿ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತ ನಿಂತೆವು. ಅವನು ನುಂಗಿ, ತುಟಿ ಒರೆಸಿಕೊಂಡು, ಅತ್ತೆಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ.

"ಮೇಡಂ, ನಿಮ್ಮ ಟೋಪಿ ತುಂಬ ಚೆನ್ನಾಗಿದೆ" ಅಂದ.