ಏಳೆಂಟ್ಲ ಐವತ್ತಾರು, ಮತ್ತು ಒಂದು ದವಡೆ ಹಲ್ಲು

ಬಾಯಿಲೆಕ್ಕದ ಪೀರಿಯಡ್ಡನ್ನು ಬೇರೆ ಯಾರಿಗೂ ಬಿಡದೆ ಸ್ವತಃ ತೆಗೆದುಕೊಳ್ಳುವ, ಮೇಜಿನ ಮೇಲೆ ಚಾಕಲೇಟಿನ ಗಾಜಿನ ಭರಣಿ ಇಟ್ಟುಕೊಂಡು ವಿದ್ಯೆಯನ್ನು ಕಾಪಾಡುತ್ತಿರುವ ಶ್ರೀಮತಿ ಮುಖ್ಯೋಪಾಧ್ಯಾಯಿನಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಎರಡನೇ ತರಗತಿಯ ಮೂರನೇ ಬೆಂಚಿನ ತುದಿಯಲ್ಲಿ ಕೂರುವ ಹುಡುಗಿಯ ತಂದೆಯೂ, ಕಸುಬಿನಲ್ಲಿ ಬಡಗಿಯೂ ಆದ ನಾನು ಬಗ್ಗಿ ಮಾಡುವ ನಮಸ್ಕಾರಗಳು. ತಾವು ಮಗಳ ಡೈರಿಗೆ ಅಂಟಿಸಿ ಕಳಿಸಿದ ನೋಟಿಸು ತಲುಪಿತು. 'ಹಿರಿಯರು ಪ್ರೀತಿಯಿಂದ ಕೊಟ್ಟ ಬಹುಮಾನವನ್ನು ತರಗತಿಯೆದುರು ಬೇಡವೆಂದು ಶಿಸ್ತು ಮೀರಿದ್ದಾಳೆ, ಪೋಷಕರು ಲಿಖಿತ ವಿವರಣೆ ಕೊಡತಕ್ಕದ್ದು' ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಅಪರಾಧವು ಎಲ್ಲರೆದುರು ನಡೆದಿರುವುದರಿಂದ ವಿವರಣೆಯೂ ಎಲ್ಲರೆದುರು ಇರುವುದೇ ನ್ಯಾಯವೆಂದು ಭಾವಿಸಿ, ಇದರ ಒಂದು ಪ್ರತಿಯನ್ನು ಶಾಲೆಯ ಗೇಟಿನ ಪಕ್ಕದ ಸೂಚನಾ ಫಲಕಕ್ಕೂ ಅಂಟಿಸುತ್ತಿದ್ದೇನೆ. ಫಲಕದ ಎಡಗಾಲು ಅಲುಗಾಡುತ್ತಿತ್ತು, ಅದಕ್ಕೂ ಎರಡು ಮೊಳೆ ಹೊಡೆದಿದ್ದೇನೆ.

ಮೊದಲಿಗೆ ತಮ್ಮ ಪದ್ಧತಿಯನ್ನು ಹೊಗಳದೆ ಮುಂದೆ ಹೋದರೆ ನಾನು ಕೃತಘ್ನನಾದೇನು. ಒಂದು ಸರಿಯುತ್ತರಕ್ಕೆ ಒಂದು ಅಂಟು ಚಾಕಲೇಟು. ಅದನ್ನು ಜೇಬಿಗೆ ಹಾಕಿಕೊಳ್ಳುವಂತಿಲ್ಲ, ತಮ್ಮ ಎದುರಿಗೇ ಬಾಯಿಗೆ ಹಾಕಿಕೊಂಡು ಜಗಿಯುತ್ತ ಚಪ್ಪಾಳೆ ಸ್ವೀಕರಿಸಬೇಕು. ಶಾಲೆ ಶುರುವಾದ ಮೊದಲ ತಿಂಗಳಲ್ಲೇ ನಮ್ಮ ಮಗಳು ದಿನಕ್ಕೆ ಮೂರು ನಾಲ್ಕು ಸಲ ಈ ಗೌರವಕ್ಕೆ ಪಾತ್ರಳಾದಳು. ಇದರಿಂದ ಆಗಿರುವ ಮಹದುಪಕಾರವೆಂದರೆ, ತಾವು ಇನ್ನು ಮುಂದೆ ಪರೀಕ್ಷೆಯನ್ನೇ ಇಡಬೇಕಾಗಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿದರೆ ಸಾಕು. ಯಾರ ಹಲ್ಲು ಹೆಚ್ಚು ಕಪ್ಪಗಿದೆಯೋ ಅವರೇ ಮೊದಲನೆಯವರು. ಮಗ್ಗಿ ಬಾರದೆ ಬೆಂಚಿನ ಮೇಲೆ ನಿಲ್ಲುವ ಮಕ್ಕಳ ಹಲ್ಲು ಮುತ್ತಿನಂತಿವೆ.

ಮೂರನೇ ತಿಂಗಳಲ್ಲಿ ಮಗಳು ಇದ್ದಕ್ಕಿದ್ದಂತೆ ತಪ್ಪು ಹೇಳತೊಡಗಿದಳು. 'ಬುದ್ಧಿ ಮಂಕಾಗುತ್ತಿದೆ, ಮನೆಯಲ್ಲಿ ಗಮನ ಕೊಡಿ' ಎಂದು ತಾವು ಬರೆದು ಕಳಿಸಿದಿರಿ. ನಾನು ಗಮನ ಕೊಟ್ಟೆ. ಗಮನವೆಂದರೆ, ಸಂಜೆಯ ಆಟ ಬಿಡಿಸಿ ಗೋಡೆಗೆ ಮುಖ ಮಾಡಿ ಕೂರಿಸಿ ಏಳರ ಮಗ್ಗಿಯನ್ನು ಇಪ್ಪತ್ತು ಸಲ ಬರೆಸಿದೆ. ಒಂದು ದಿನ ಪುಸ್ತಕವನ್ನೂ ಎಸೆದೆ. ಅದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ, ಆದರೆ ತಾವು ಕೇಳಿರುವುದು ಮಗಳ ಶಿಸ್ತಿನ ವಿಚಾರವಾದ್ದರಿಂದ ನನ್ನದನ್ನು ಇಲ್ಲಿಗೇ ಬಿಡುತ್ತೇನೆ.

ಒಂದು ಭಾನುವಾರ ಬೆಳಿಗ್ಗೆ ಅವಳು ನನ್ನ ಕೆಲಸದ ಕೊಟ್ಟಿಗೆಯಲ್ಲಿ ಮರದ ಹೊಟ್ಟಿನ ರಾಶಿಯ ಮೇಲೆ ಕೂತಿದ್ದಳು. ನನಗೆ ಏಳಡಿಯ ಪಟ್ಟಿಗಳು ಎಂಟು ಬೇಕಿದ್ದವು. ಒಟ್ಟು ಎಷ್ಟಡಿ ಎಂದು ಗೊಣಗುತ್ತ ಕಿವಿಯ ಸಂದಿನಿಂದ ಪೆನ್ಸಿಲು ತೆಗೆಯುವಷ್ಟರಲ್ಲಿ ಅವಳು ತಲೆಯೆತ್ತದೆ "ಐವತ್ತಾರು" ಅಂದಳು. ಹಿಂದಿನ ದಿನ ಅದೇ ಲೆಕ್ಕಕ್ಕೆ ತಮ್ಮ ಮುಂದೆ ನಲವತ್ತು ಎಂದು ಬೈಸಿಕೊಂಡು ಬಂದಿದ್ದಳು.

"ನಿನ್ನೆ ಗೊತ್ತಿರಲಿಲ್ವಾ?" ಎಂದೆ.

"ಗೊತ್ತಿತ್ತಪ್ಪ. ಸರಿ ಹೇಳಿದ್ರೆ ಚಾಕಲೇಟ್ ತಿನ್ಬೇಕು. ಈ ಕಡೆ ತುಂಬ ನೋಯುತ್ತೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನೀನೇ, ಬಿದ್ದುಹೋಗೋ ಹಲ್ಲು ಬಿಡು ಅಂದೆ."

ನಾನು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡೆ. ಆ ದಿನ ಪಟ್ಟಿಗಳು ತುಂಡಾಗಲಿಲ್ಲ. ಬೆಳಕಿಗೆ ಹಿಡಿದು ಬಾಯಿ ತೆರೆಸಿದರೆ, ಕೆಳಗಿನ ದವಡೆ ಹಲ್ಲಿನಲ್ಲಿ ಹುಳು ಕೊರೆದ ತೊಲೆಯಂತೆ ಕರೀ ತೂತು, ಅದರ ಬುಡದಲ್ಲಿ ಕೀವಿನ ಗುಳ್ಳೆ. ಮಾರನೆಯ ದಿನಕ್ಕೆ ಕೆನ್ನೆ ಬನ್ನಿನಂತೆ ಊದಿತ್ತು. ನಮ್ಮ ತಾಯಿ, ಬಾಯಿಯ ಅಷ್ಟೂ ಹಲ್ಲನ್ನು ಲೋಟದ ನೀರಿನಲ್ಲಿ ಇಡುವವರು, "ಹಾಲುಹಲ್ಲಿಗೆ ಡಾಕ್ಟ್ರು ಯಾಕೋ, ನಿಂದೆಲ್ಲ ಬಿದ್ದು ಬರ್ಲಿಲ್ವಾ" ಎಂದು ಬಾಗಿಲಿಗೆ ಅಡ್ಡ ನಿಂತರು. ಪಕ್ಕಕ್ಕೆ ಸರಿಸಿ ಹೊರಟೆ.

ಹಲ್ಲಿನ ಡಾಕ್ಟರಮ್ಮ ತಮ್ಮಷ್ಟು ವಿನಯವಂತರಲ್ಲ. "ಈ ಹಲ್ಲು ಹತ್ತು ಹನ್ನೊಂದು ವರ್ಷದವರೆಗೂ ಇರ್ಬೇಕಿತ್ತು. ಕೆಳಗಿಂದ ಬರೋ ಹಲ್ಲಿಗೆ ಜಾಗ ಕಾಯೋದೇ ಇದು. ಈಗಲೇ ಹೋದ್ರೆ ಅಕ್ಕಪಕ್ಕದವು ವಾಲ್ಕೊಂಡು ಬಂದು ಜಾಗ ಮುಚ್ಚಿಬಿಡ್ತವೆ. ಕೀವು ಇಳಿದ್ರೆ ಕೆಳಗಿರೋ ಹೊಸ ಹಲ್ಲಿಗೂ ತೊಂದ್ರೆ ಆಗ್ಬೋದು" ಎಂದರು. ಬಾಗಿಲ ಚೌಕಟ್ಟು ನಿಲ್ಲಿಸುವಾಗ ಕೆಳಗೆ ಒಂದು ಅಡ್ಡಪಟ್ಟಿ ಹೊಡೆಯುತ್ತೇವೆ. ಆಮೇಲೆ ಕಿತ್ತು ಎಸೆಯುವ ಪಟ್ಟಿಯೇ, ಆದರೆ ಗೋಡೆ ಏಳುವ ಮೊದಲು ಕಿತ್ತರೆ ಚೌಕಟ್ಟು ಒಳಸರಿದು ಬಾಗಿಲು ಕೂರುವುದಿಲ್ಲ. ಇಪ್ಪತ್ತು ವರ್ಷದಿಂದ ಆ ಪಟ್ಟಿ ಹೊಡೆಯುತ್ತಿರುವ ನನಗೆ ಮಗಳ ಬಾಯಲ್ಲಿ ಅದು ಕಾಣಲಿಲ್ಲ.

"ಹಲ್ಲು ಯಾರು ಉಜ್ಜಿಸ್ತೀರಿ?" ಎಂದರು. ಅವಳೇ ಉಜ್ಜಿಕೊಳ್ಳುತ್ತಾಳೆ ಎಂದು ಹೆಮ್ಮೆಯಿಂದ ಹೇಳಿದೆ.

"ಏಳು ವರ್ಷದವಳ ಕೈಗೆ ನಿಮ್ಮ ಉಳಿ ಕೊಟ್ಟು ಕೆಲ್ಸ ಮಾಡು ಅಂತೀರಾ?"

ಇಲ್ಲ ಎಂದೆ. ಹಾಗಾದರೆ ಬ್ರಷ್ಷೂ ಇನ್ನೊಂದು ವರ್ಷ ನಿಮ್ಮ ಕೈಯಲ್ಲೇ ಇರಲಿ, ಬಟಾಣಿ ಕಾಳಿನಷ್ಟು ಪೇಸ್ಟು, ದಿನಕ್ಕೆ ಎರಡು ಸಲ ಎಂದರು. ಇನ್ನೊಂದು ಪ್ರಶ್ನೆಗೆ, ಮೂರು ವರ್ಷದವರೆಗೂ ಮಲಗುವಾಗ ಸಕ್ಕರೆ ಹಾಲಿನ ಬಾಟಲಿ ಬಾಯಿಗಿಡುತ್ತಿದ್ದವನು ನಾನೇ ಎಂದೂ ಒಪ್ಪಿಕೊಳ್ಳಬೇಕಾಯಿತು. ಆದ್ದರಿಂದ ಈ ಹಲ್ಲಿನ ಪೂರ್ತಿ ಕೀರ್ತಿ ತಮಗೊಬ್ಬರಿಗೇ ಸಲ್ಲದು.

ಬಾವು ಇಳಿದ ಮೇಲೆ ಒಂದು ಹಲ್ಲು ಕಿತ್ತರು, ಇನ್ನೊಂದನ್ನು ತುಂಬಿದರು, ಖಾಲಿ ಜಾಗ ಮುಚ್ಚಿಹೋಗದಂತೆ ಕಂಬಿ ಕೂರಿಸಿದರು. ಅವಳು ನನ್ನ ಹೆಬ್ಬೆರಳು ಹಿಡಿದುಕೊಂಡು ಕೊನೆಯವರೆಗೂ ಬಾಯಿ ತೆರೆದೇ ಕೂತಿದ್ದಳು. ಅತ್ತವನು ನಾನು, ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ.

ಕಳೆದ ಸೋಮವಾರ ತಾವು ಅದೇ ಏಳೆಂಟ್ಲ ಕೇಳಿದಿರಿ. ಅವಳು ಎದ್ದು ನಿಂತು ಐವತ್ತಾರು ಎಂದಳು. ತಾವು ಚಾಕಲೇಟು ಚಾಚಿದಾಗ, "ಬೇಡ ಮಿಸ್, ಚಪ್ಪಾಳೆ ಸಾಕು" ಎಂದಳು. ತಾವು ವಿವರಣೆ ಕೇಳಿರುವ ಅಪರಾಧ ಇಷ್ಟೇ. ಎರಡು ತಿಂಗಳು ಗೊತ್ತಿದ್ದೂ ದಡ್ಡಿಯೆನ್ನಿಸಿಕೊಂಡವಳು ಅಂದು ಮನೆಗೆ ಓಡಿಬಂದು ಅದನ್ನು ನನಗೆ ಹೇಳಿದಾಗ, ನಾನು ಅವಳಿಗೆ ಶಿಕ್ಷೆ ಕೊಡಬೇಕೆಂಬುದೇ ನನಗೆ ಹೊಳೆಯಲಿಲ್ಲ. ಕ್ಷಮಿಸಬೇಕು.

ಇನ್ನು ನನ್ನ ಬಿನ್ನಹ. ಚಾಕಲೇಟು ನಿಲ್ಲಿಸಿ ಎಂದು ಕೇಳುವಷ್ಟು ಒರಟ ನಾನಲ್ಲ. ಇನ್ನು ಮುಂದೆ ತಪ್ಪು ಹೇಳಿದವರಿಗೆ ಕೊಟ್ಟರೆ ಹುಳುಕು ಎಲ್ಲರಿಗೂ ಸಮನಾಗಿ ಹಂಚಿಹೋದೀತು. ಅದಾಗದಿದ್ದರೆ, ಬಾಯಿಲೆಕ್ಕದ ಅವಧಿಯಲ್ಲಿ ನೋಯಕೂಡದೆಂದು ಮಕ್ಕಳ ಹಲ್ಲುಗಳಿಗೆ ತಮ್ಮ ಸಹಿಯುಳ್ಳ ಒಂದು ಸುತ್ತೋಲೆ ಹೊರಡಿಸಬಹುದು. ಅದೂ ಕಷ್ಟವೆಂದರೆ, ಬೆಳಿಗ್ಗೆ ಆರೂವರೆಗೆ ಮತ್ತು ಊಟವಾದ ಮೇಲೆ ನಮ್ಮ ಮನೆಯ ಬಚ್ಚಲಿಗೆ ದಯಮಾಡಿಸಿ. ಬ್ರಷ್ಷು ಹಿಡಿಯುವ ಅವಕಾಶವನ್ನು ತಮಗೆ ಬಿಟ್ಟುಕೊಡುತ್ತೇನೆ. ಪುಸ್ತಕ ಎಸೆದದ್ದಕ್ಕೆ ನಾನು ಮಗಳಲ್ಲಿ ಕ್ಷಮೆ ಕೇಳಿದ್ದೇನೆ. ತಾವೂ ಕೇಳಬೇಕೆಂಬ ಒತ್ತಾಯವಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಸಾಮಾನ್ಯವಾಗಿ ಮೆಟ್ಟಿಲ ಹತ್ತಿರ ಇರುತ್ತಾಳೆ.

ಇಂತು, ಮಗ್ಗಿಯನ್ನು ಈಗ ತಾನೂ ಸರಿಯಾಗಿ ಕಲಿತಿರುವ

ತಮ್ಮ ವಿಶ್ವಾಸಿ,
ಮೂರನೇ ಬೆಂಚಿನವಳ ಅಪ್ಪ

ತಾ.ಕ.: ನೋಟಿಸಿನ ಕೆಳಗೆ ಒತ್ತಿರುವ ತಮ್ಮ ಮೊಹರಿನಲ್ಲಿ 'ಮುಖ್ಯೋಪಾಧ್ಯಾಯಿನಿ'ಯ 'ಧ'ಕಾರದ ಗೀಟು ಬಿದ್ದುಹೋಗಿ ಅದು 'ದ' ಆಗಿದೆ. ಬಿದ್ದದ್ದು ತಾನಾಗಿಯೇ ಮತ್ತೆ ಬರುವ ಜಾತಿಯದ್ದಲ್ಲವೆಂದು ಮಗಳು ಪೆನ್ಸಿಲಿನಲ್ಲಿ ಹಾಕಿಕೊಟ್ಟಿದ್ದಾಳೆ. ಈ ಸಲ ಚಪ್ಪಾಳೆಯೂ ಬೇಡವಂತೆ.