ಹನ್ನೆರಡನೆಯ ಡೇನ್

ಬೆಳಿಗ್ಗೆ ಹನ್ನೊಂದಕ್ಕೆ ಸಂಶೋಧನಾ ಸಹಾಯಕ ಡೆಟ್ಲೆಫ್ ಆಸ್ಮುಸ್ಸೆನ್‌ಗೆ ಫೋನು ಬಂತು. ಧ್ವನಿಮುದ್ರಣಕ್ಕೆ ಬರಬೇಕಿದ್ದ ಹನ್ನೆರಡನೆಯ ಡೇನ್‌ಗೆ, ಅಂದರೆ ಡೇನಿಷ್ ಭಾಷಿಕನಿಗೆ, ಗಂಟಲು ಕಟ್ಟಿತ್ತು. ಜರ್ಮನ್ ಮತ್ತು ಡೇನಿಷ್ ವ್ಯಂಜನಗಳ ಸದ್ದನ್ನೂ ಅದರ ಜೊತೆ ಹೊರಡುವ ಉಸಿರನ್ನೂ ಯಂತ್ರದಲ್ಲಿ ಅಳೆದು ಹೋಲಿಸಿದ ವರದಿ ಸಂಜೆ ನಾಲ್ಕರೊಳಗೆ ಪ್ರೊಫೆಸರರ ಕೈಸೇರಬೇಕು. ತಪ್ಪಿದರೆ ನಾಳೆಯಿಂದ ಕೆಲಸವಿಲ್ಲ. ಹನ್ನೆರಡು ಜರ್ಮನರದು ಮುಗಿದಿತ್ತು. ಅವನಿದ್ದ ಜರ್ಮನಿಯ ಗಡಿ ಊರು ಫ್ಲೆನ್ಸ್‌ಬುರ್ಗ್‌ನ ಡೇನಿಷ್ ಸಂಘದ ಹನ್ನೊಂದು ಜನರದೂ ಮುಗಿದಿತ್ತು. ಬಾಕಿ ಇದ್ದದ್ದು ಒಬ್ಬನೇ ಒಬ್ಬ.

ಮೆಟ್ಟಿಲಲ್ಲಿ ಸಿಕ್ಕ ಕೆಳಮನೆಯ ಹೆಂಗಸು ಫ್ರಾವ್ ಲೋರೆಂಟ್ಸೆನ್ ಅವನ ಮುಖ ನೋಡಿಯೇ ವಿಷಯ ಹೊರಗೆಳೆದರು.

"ಇಷ್ಟೇನಾ? ಗಡಿ ಅಂಗಡಿಗೆ ಹೋಗ್ರೀ! ಅಗ್ಗದ ಬಿಯರಿಗೆ ಅರ್ಧ ಡೆನ್ಮಾರ್ಕ್ ಅಲ್ಲೇ ಬಿದ್ದಿರತ್ತೆ. ನಡೀರಿ, ನಾನೂ ಬರ್ತೀನಿ."

ಬೇಡವೆನ್ನುವಷ್ಟರಲ್ಲಿ ಅವರು ಕಾರಿನಲ್ಲಿ ಕೂತಾಗಿತ್ತು.

ಅಂಗಡಿಯ ಮುಂದೆ ದೈತ್ಯನಂಥ ಒಬ್ಬಾತ ಕಾರಿಗೆ ಬಿಯರ್ ಪೆಟ್ಟಿಗೆ ತುಂಬುತ್ತಿದ್ದ. ಹೆಸರು ಟಾಗೆ ಬ್ರೊಂಡುಮ್, ಡೆನ್ಮಾರ್ಕಿನ ಆಲ್ಬೋರ್‌ನವನು. ಡೆಟ್ಲೆಫ್ ಮೈಕು ಚಾಚಿದ.

"ದಯವಿಟ್ಟು ಒಂದ್ಸಲ 'ತಾಕ್' ಅಂತೀರಾ?"

"ನಿನಗ್ಯಾಕಯ್ಯ ಥ್ಯಾಂಕ್ಸ್ ಹೇಳಲಿ? ನೀನೇನು ಕೊಟ್ಟಿದ್ದೀಯ?"

"ಸುಂಕದವನು ಕಣೋ, ಬಾಯಿ ಬಿಡಬೇಡ!" ಎಂದು ಕಾರಿನ ಪಕ್ಕದಿಂದ ಟಾಗೆಯ ಹೆಂಡತಿ ಕಿರುಚಿದಳು. ಜನ ಸೇರಿದರು. ಯಾರೋ ಪೊಲೀಸರನ್ನು ಕರೆಯಿರಿ ಎಂದರು.

ಫ್ರಾವ್ ಲೋರೆಂಟ್ಸೆನ್ ಸಮಾಧಾನ ಹೇಳಿದರು. "ಹೆದರಬೇಡಿ. ಇವರಿಗೆ ನಿಮ್ಮ ಉಸಿರು ಬೇಕಂತೆ, ಅಷ್ಟೇ."

ಗುಂಪು ಇನ್ನಷ್ಟು ಹತ್ತಿರ ಬಂತು. ಡೆಟ್ಲೆಫ್ ಬೆವರೊರೆಸಿಕೊಳ್ಳುತ್ತ ಎಲ್ಲವನ್ನೂ ವಿವರಿಸಿದ. ಟಾಗೆ ಗಡ್ಡ ಕೆರೆದುಕೊಂಡ.

"ಹದಿನಾರು ಪೆಟ್ಟಿಗೆ ಉಳಿದಿದೆ. ನೀನು ಹೊರು, ಆಮೇಲೆ ನಾನು ಹೇಳ್ತೀನಿ."

ಹೊತ್ತು ಮುಗಿಸುವಾಗ ಎರಡೂವರೆ. ನಾಲ್ವರೂ ಡೆಟ್ಲೆಫ್‌ನ ಕಾರಿನೊಳಗೆ ಸೇರಿ ಗಾಜು ಏರಿಸಿಕೊಂಡರು. ಟಾಗೆಯ 'ತ' ಸೈಕಲ್ ಚಕ್ರದ ಗಾಳಿ ಬಿಟ್ಟಂತೆ ಹೊರಬಂತು. ಆದರೆ ಒಂದೊಂದು ಪದಕ್ಕೂ ಹಿಂದಿನಿಂದ ಹೆಂಡತಿಯ ತಿದ್ದುಪಡಿ: "ಹಾಗಲ್ಲ, ಥೇಟ್ ನಿಮ್ಮಮ್ಮನ ಹಾಗೆ ಹೇಳ್ತಿದ್ದೀಯ!" ಮತ್ತೆ ಮೊದಲಿನಿಂದ. ಮೂರೂಕಾಲು. ಮೂವತ್ತೆಂಟನೆಯ ಪದಕ್ಕೆ ಫ್ರಾವ್ ಲೋರೆಂಟ್ಸೆನ್ ಸೀನಿದರು. ಡೆಟ್ಲೆಫ್ ಅಳುವುದೊಂದೇ ಬಾಕಿ.

ಮೂರು ಐವತ್ತೆಂಟಕ್ಕೆ, ಅಳತೆಗಳನ್ನೆಲ್ಲ ತುಂಬಿದ ವರದಿ ಅವನ ಲ್ಯಾಪ್‌ಟಾಪಿನಿಂದ ಹೊರಟುಹೋಯಿತು. ಅವನು ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತ.

ಸ್ವಲ್ಪ ಹೊತ್ತಿಗೆ ಪ್ರೊಫೆಸರ್ ರಿಕ್ಮರ್ಸ್ ಅವರ ಫೋನು.

"ಆಸ್ಮುಸ್ಸೆನ್, ಆ ಹನ್ನೆರಡನೆಯವರು ಯಾರ್ರೀ? ಅದ್ಭುತ!"

ಡೆಟ್ಲೆಫ್‌ನ ಕಣ್ಣು ತುಂಬಿ ಬಂತು. "ಥ್ಯಾಂಕ್ಸ್ ಮೇಡಂ."

"ನಿಜವಾದ ಡೇನ್ ಅವರೊಬ್ಬರೇ. ಉಳಿದ ಹನ್ನೊಂದು ಜನ ಇಲ್ಲೇ ಹುಟ್ಟಿ ಬೆಳೆದವರಲ್ವಾ? ಅವರ 'ತ' ಪೂರ್ತಿ ನಮ್ಮ ಜರ್ಮನರದ್ದೇ. ಹನ್ನೊಂದನ್ನೂ ತೆಗೆದುಹಾಕಿ, ಗಡಿಯಾಚೆಯವರನ್ನೇ ಹಿಡಿದು ತನ್ನಿ. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲಿರಬೇಕು."

ಡೆನ್ಮಾರ್ಕ್ ನಂಬರಿನ ಬಸ್ಸೊಂದು ಅಂಗಡಿಯತ್ತ ತಿರುಗಿತು. ಡೆಟ್ಲೆಫ್ ಸೊಂಟ ಹಿಡಿದುಕೊಂಡು ಎದ್ದ, ಅಂಗಿಯ ತೋಳು ಮಡಿಚಿಕೊಂಡ.